ಮೇಡಂ ಕುರ್ಚಿಯ ಕೆಳಗಿನ ಶೂ

ನಮ್ಮ ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ಇಪ್ಪತ್ತಾರು ವರ್ಷ ಕೋಚ್ ಆಗಿದ್ದವರನ್ನು ಎದುರಿಗೆ ಎಲ್ಲರೂ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಪೀಪಿ ಎನ್ನುತ್ತಿದ್ದರು. ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿದ್ದುದರಿಂದ ಆ ಹೆಸರು. ಅದು ಅವರಿಗೂ ಗೊತ್ತಿತ್ತು. ಒಮ್ಮೆ ಮೀಟಿಂಗಿನಲ್ಲಿ ಪ್ರಿನ್ಸಿಪಾಲರೇ ಬಾಯಿತಪ್ಪಿ "ಪೀಪಿಯವರ ಅಭಿಪ್ರಾಯ ಏನು?" ಎಂದು ಕೇಳಿಬಿಟ್ಟರು. ನಾವೆಲ್ಲ ನೆಲ ನೋಡಿದೆವು. ಆಕೆ ಮಾತ್ರ ಸೀಟಿ ಕೈಗೆತ್ತಿಕೊಂಡು ಕಿವಿ ಗುಂಯ್ಗುಡುವಂತೆ ಒಂದು ಸಲ ಊದಿ, "ಇದೇ ಅಭಿಪ್ರಾಯ" ಎಂದರು.

ನಾನು ಅದೇ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವ ಮೇಷ್ಟ್ರು. ಜೀವಮಾನದಲ್ಲಿ ಒಂದು ಸಲವೂ ಚೆಂಡು ಪುಟಿಸಿದವನಲ್ಲ. ಆದರೂ ಇಪ್ಪತ್ತೆರಡು ವರ್ಷ ಅಂಗಳದ ಅಂಚಿನ ಮೇಜಿನಲ್ಲಿ ಕೂತು ಸ್ಕೋರ್ ಬರೆದಿದ್ದೇನೆ. "ನಿಮಗೆ ಲೆಕ್ಕ ಬರುತ್ತಲ್ಲ, ಇವತ್ತೊಂದು ದಿನ ಕೂತ್ಕೊಳಿ" ಎಂದು ಮೇಡಂ ಕರೆದದ್ದು. ಆ ಒಂದು ದಿನ ಇನ್ನೂ ಮುಗಿದಿರಲಿಲ್ಲ. ನನ್ನ ಕೆಲಸದ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು. ಆದದ್ದನ್ನು ಬರೆಯುತ್ತೇನೆ, ಆಗದ್ದನ್ನು ಬರೆಯುವುದಿಲ್ಲ. ಅಂಗಳದಲ್ಲಿ ನನ್ನ ಕಣ್ಣು ತಪ್ಪಿಸಿ ಏನೂ ನಡೆಯುವುದಿಲ್ಲ ಎಂದು ಹೆಂಡತಿಯ ಮುಂದೆ ಎಷ್ಟೋ ಸಲ ಕೊಚ್ಚಿಕೊಂಡಿದ್ದೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಎನ್ನಿಸುತ್ತದೆ.

ಮೇಡಂ ಲಾರಿ ಡ್ರೈವರ್ ಒಬ್ಬರ ಐದು ಹೆಣ್ಣುಮಕ್ಕಳಲ್ಲಿ ನಾಲ್ಕನೆಯವರು. ಮನೆಯಲ್ಲಿ ಎಲ್ಲರಿಗಿಂತ ಎತ್ತರ. ಅಟ್ಟದ ಮೇಲಿನ ಪಾತ್ರೆ ಇಳಿಸಬೇಕಾದಾಗ ಮಾತ್ರ ತನ್ನ ಮೇಲೆ ಎಲ್ಲರಿಗೂ ಪ್ರೀತಿ ಉಕ್ಕುತ್ತಿತ್ತು ಎಂದು ನಗುತ್ತಿದ್ದರು. ಸಿಮೆಂಟ್ ಗೋದಾಮಿನ ಹಿಂದಿನ ಗೋಡೆಗೆ ಯಾರೋ ಹೊಡೆದಿದ್ದ ಕಬ್ಬಿಣದ ಬಳೆಗೆ ಚೆಂಡು ಎಸೆದೆಸೆದೇ ಆಟ ಕಲಿತವರು. ನಮ್ಮ ಕಾಲೇಜಿಗೆ ಬಂದದ್ದು ತಾತ್ಕಾಲಿಕ ಎಂದು. ನಾಲ್ಕು ವರ್ಷ ತಾತ್ಕಾಲಿಕವಾಗಿಯೇ ಇದ್ದರು. ಆ ನಡುವೆ ಒಂದು ದಿನ ಆಟದ ಸಾಮಾನಿನ ಕೋಣೆಯ ಬೀಗ ಕೆಟ್ಟಿತು. ರಿಪೇರಿಗೆ ಬಂದ ಬೀಗದವರು ಮೂರು ದಿನವಾದರೂ ರಿಪೇರಿ ಮುಗಿಸಲಿಲ್ಲ. ನಾಲ್ಕನೇ ದಿನ ಇಬ್ಬರ ಮದುವೆ ಮಾತಾಯಿತು. ಆ ಯಜಮಾನರೇ ಇಂದಿಗೂ ಮನೆಯಲ್ಲಿ ಅಡುಗೆ ಮಾಡುವವರು. ಉಪ್ಪಿನ ಡಬ್ಬಿ ಯಾವುದು ಎಂದು ಮೇಡಂಗೆ ಗೊತ್ತಿಲ್ಲ. ಒಬ್ಬಳೇ ಮಗಳು. ಹಲ್ಲಿನ ಡಾಕ್ಟರು. ಆಟ ಎಂದರೆ ಮೂಗು ಮುರಿಯುತ್ತಾಳೆ.

ಮೇಡಂ ಒಂದಕ್ಷರವನ್ನೂ ಬರೆದಿಡುತ್ತಿರಲಿಲ್ಲ. ಹಾಜರಿ ಪುಸ್ತಕವಿಲ್ಲ, ಡೈರಿಯಿಲ್ಲ, ಚೀಟಿಯಿಲ್ಲ. ಎಲ್ಲ ತಲೆಯಲ್ಲಿ. ಯಾವ ವರ್ಷ ಯಾವ ಕಾಲೇಜಿನ ಮೇಲೆ ಎಷ್ಟು ಅಂಕ, ಯಾರ ಶೂ ಎಷ್ಟನೇ ನಂಬರು, ಯಾರ ಮಂಡಿ ಯಾವಾಗ ಉಳುಕಿತ್ತು, ಯಾರ ಅಮ್ಮನಿಗೆ ಯಾವ ಪಾಳಿ, ಎಲ್ಲವೂ. ನಾನು ಮೇಜಿಗೆ ಕೂತ ಮೂರನೇ ವರ್ಷದಲ್ಲಿ ಒಂದು ಪಂದ್ಯ ಅರವತ್ತೊಂದು–ಅರವತ್ತರಲ್ಲಿ ಸೋತೆವು ಎಂದು ಬರೆದು ಗೆರೆ ಎಳೆದೆ. ಮೇಡಂ ಬಂದು, "ಮೇಷ್ಟ್ರೇ, ಎರಡನೇ ಕ್ವಾರ್ಟರ್‌ನಲ್ಲಿ ಗುಂಗುರು ಕೂದಲಿನವಳು ಹಾಕಿದ ಬಾಸ್ಕೆಟ್ ಬಿಟ್ಟಿದ್ದೀರಿ. ನೀವಾಗ ಕನ್ನಡಕ ಒರೆಸ್ತಾ ಇದ್ರಿ" ಎಂದರು. ನಾನು ಕೆರಳಿ ವಾದಕ್ಕೆ ನಿಂತೆ. ಯಾರೋ ತೆಗೆದಿದ್ದ ವಿಡಿಯೋ ತರಿಸಿ ನೋಡಿದರೆ ಬಾಸ್ಕೆಟ್ ಬಿದ್ದಿತ್ತು. ನಾನು ಕನ್ನಡಕ ಒರೆಸುತ್ತಿದ್ದುದೂ ಅದರಲ್ಲಿತ್ತು. ಅಂದಿನಿಂದ ನನ್ನ ಹಾಳೆಗೂ ಮೇಡಂ ನೆನಪಿಗೂ ತಾಳೆಯಾಗದಿದ್ದರೆ ಸುಮ್ಮನೆ ಹಾಳೆಯನ್ನೇ ತಿದ್ದಿಕೊಳ್ಳುತ್ತಿದ್ದೆ.

ಹುಡುಗಿಯರಿಗೆ ಹೆಸರಿಡುವವರೂ ಅವರೇ. "ಅಪ್ಪ ಅಮ್ಮ ಇಟ್ಟ ಹೆಸರು ಮನೇಲಿರಲಿ. ಅಂಗಳದಲ್ಲಿ ಕೂಗೋಕೆ ನನಗೊಂದು ಬೇಕು" ಎಂದು ಮೊದಲ ದಿನವೇ ಒಂದೊಂದು ಅಂಟಿಸಿಬಿಡುತ್ತಿದ್ದರು. ಗುಬ್ಬಿ, ಚಟಪಟ, ರೋಡ್ ರೋಲರ್, ಹೀಗೆ. ಹುಡುಗಿಯರು ಎರಡು ದಿನ ಮುನಿಸಿಕೊಂಡು ಮೂರನೇ ದಿನದಿಂದ ಅದೇ ಹೆಸರನ್ನು ನೋಟ್‌ಬುಕ್ಕಿನ ಮೇಲೆ ಬರೆದುಕೊಳ್ಳುತ್ತಿದ್ದರು.

ತಂಡದ ಕಟ್ಟಳೆಗಳು ಮೂರೇ. ಅಭ್ಯಾಸಕ್ಕೆ ಬರಲಾಗದಿದ್ದರೆ ಹಿಂದಿನ ದಿನವೇ ಎದುರಿಗೆ ಬಂದು ಕೇಳಬೇಕು. ಫೋನು, ಸ್ನೇಹಿತೆಯ ಕೈಲಿ ಸುದ್ದಿ, ಯಾವುದೂ ನಡೆಯದು. ಕೇಳದೆ ತಪ್ಪಿಸಿದವಳು ಆಮೇಲೆ ಕಾರಣ ಹೇಳುವಂತಿಲ್ಲ. ಕೋಚ್ ಕೊಟ್ಟ ಶಿಕ್ಷೆಯ ಬಗ್ಗೆ ಅಂಗಳದಲ್ಲಿ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ಶಿಕ್ಷೆಯೂ ಒಂದೇ. ತಪ್ಪಿತಸ್ಥೆ ಮುಂದಿನ ಪಂದ್ಯಕ್ಕೆ ಆಟದ ಉಡುಪಿನಲ್ಲೇ ಬಂದು, ಒಂದು ಕಾಲಿನ ಶೂ ಬಿಚ್ಚಿ ಮೇಡಂ ಕುರ್ಚಿಯ ಕೆಳಗಿಟ್ಟು, ಬರೀ ಕಾಲುಚೀಲದಲ್ಲಿ ಬೆಂಚಿನ ತುದಿಗೆ ಕೂರಬೇಕು. ನೋಡಲು ಬಂದವರೆಲ್ಲ ಮೊದಲು ಕುರ್ಚಿಯ ಕೆಳಗೇ ಬಗ್ಗಿ ನೋಡುತ್ತಿದ್ದರು. ಈ ಶಿಕ್ಷೆ ನನಗೆ ಯಾವತ್ತೂ ಹಿಡಿಸಿರಲಿಲ್ಲ. ಒಮ್ಮೆ ಹೇಳಿಯೂ ಇದ್ದೆ. "ಬೈದ್ರೆ ಮರೀತಾರೆ ಮೇಷ್ಟ್ರೇ. ಕಾಲು ತಣ್ಣಗಾದ್ರೆ ಮರೆಯಲ್ಲ" ಎಂದಿದ್ದರು.

ಕಳೆದ ವರ್ಷ ತಂಡದಲ್ಲಿ ಏಣಿ ಎಂಬವಳಿದ್ದಳು. ಆರಡಿಗೆ ಒಂದಂಗುಲ ಕಡಿಮೆ, ಬೆನ್ನಿಗೆ ಒಂಬತ್ತನೇ ನಂಬರು. ಅಮ್ಮ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಯವರು, ಅಪ್ಪ ಇಲ್ಲ, ಮದುವೆಯಾದ ಒಬ್ಬಳು ಅಕ್ಕ. ಏಣಿಗೆ ಅದು ಕೊನೆಯ ವರ್ಷ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದರೆ ಎಂ.ಎ. ಸೀಟೂ ಹಾಸ್ಟೆಲ್ಲೂ ತಾನಾಗಿ ಸಿಗುತ್ತಿದ್ದವು. ಇಲ್ಲದಿದ್ದರೆ ಜೂನ್ ತಿಂಗಳಿಂದ ಅಮ್ಮನ ಪಕ್ಕದ ಹೊಲಿಗೆ ಯಂತ್ರ. ಹೋದ ಸಲ ಕಣಕಾಲು ಉಳುಕಿ ಆಯ್ಕೆ ತಪ್ಪಿತ್ತು. ಈ ಸಲ ನಮ್ಮ ಕಾಲೇಜು ಅಂತರಕಾಲೇಜು ಫೈನಲ್ ತಲುಪಿತ್ತು. ಶನಿವಾರ ಮಧ್ಯಾಹ್ನ ಪಂದ್ಯ, ನಮ್ಮದೇ ಒಳಾಂಗಣ, ಆಯ್ಕೆ ಸಮಿತಿಯ ಇಬ್ಬರು ಬಂದು ನೋಡುವವರಿದ್ದರು. ಏಣಿ ಆಡಿದರೆ ಸಾಕಿತ್ತು. ಆಯ್ಕೆಯ ಬಗ್ಗೆ ಯಾರಿಗೂ ಎಳ್ಳಷ್ಟೂ ಅನುಮಾನವಿರಲಿಲ್ಲ.

ಬುಧವಾರ ಸಂಜೆ ನಾನು ಸಾಮಾನಿನ ಕೋಣೆಯಲ್ಲಿ ಹಳೆಯ ಸ್ಕೋರ್ ಹಾಳೆಗಳನ್ನು ಕಟ್ಟು ಕಟ್ಟುತ್ತಿದ್ದೆ. ಕಪಾಟಿನ ಆ ಕಡೆ ಮೇಡಂ ಚೆಂಡುಗಳಿಗೆ ಗಾಳಿ ಹೊಡೆಯುತ್ತಿದ್ದರು. ಏಣಿ ಬಂದು ನಿಂತಳು.

"ಮೇಡಂ, ಅಕ್ಕನ್ನ ಹೆರಿಗೆಗೆ ಅಡ್ಮಿಟ್ ಮಾಡಿದ್ದಾರೆ. ಭಾವ ಊರಲ್ಲಿಲ್ಲ. ಅಮ್ಮಂಗೆ ರಜ ಕೊಡ್ತಿಲ್ಲ. ನಾಳೆ ಅಭ್ಯಾಸಕ್ಕೆ..."

"ಹೋಗೇ. ಇದಕ್ಕೆ ನೀನು ಇಷ್ಟು ಹೆದರಿಕೊಂಡು ಕೇಳ್ಬೇಕಾ? ಚೆಂಡು ಎಲ್ಲಿಗೂ ಓಡಿ ಹೋಗಲ್ಲ. ಶುಕ್ರವಾರ ಬಾ. ಅಕ್ಕನ ಕೈ ಬಿಡ್ಬೇಡ, ಗಟ್ಟಿಯಾಗಿ ಹಿಡ್ಕೊಂಡಿರು, ತಿಳೀತಾ?"

ಪಂಪಿನ ಉಸ್ ಉಸ್ ಸದ್ದಿನ ನಡುವೆಯೂ ಇಷ್ಟೂ ನನಗೆ ಸ್ಪಷ್ಟವಾಗಿ ಕೇಳಿಸಿತು. ಪರವಾಗಿಲ್ಲ, ಪೀಪಿಗೂ ಎದೆಯಲ್ಲಿ ಮೆತ್ತನೆಯ ಜಾಗವಿದೆ ಎಂದುಕೊಂಡು ಮನೆಗೆ ಹೋದೆ.

ಶುಕ್ರವಾರ ಸಂಜೆ ಮರುದಿನದ ಕಾಗದಪತ್ರಗಳಿಗಾಗಿ ಅಂಗಳಕ್ಕೆ ಹೋದರೆ ಹನ್ನೆರಡು ಹುಡುಗಿಯರು ಗೆರೆಯ ಮೇಲೆ ಸಾಲಾಗಿ ನಿಂತಿದ್ದರು. ಯಾರೂ ಮಿಸುಕುತ್ತಿರಲಿಲ್ಲ. ಮೇಡಂ ಏಣಿಯ ಮುಂದೆ ನಿಂತಿದ್ದರು.

"ನಿನ್ನೆ ಎಲ್ಲಿ ಸತ್ತಿದ್ದೆ?"

ನಾನು ತಮಾಷೆ ಎಂದುಕೊಂಡೆ. ಏಣಿಯೂ ಒಂದು ಕ್ಷಣ ಹಾಗೆಯೇ ಅಂದುಕೊಂಡಿರಬೇಕು, ತುಟಿಯ ತುದಿ ನಗುವಿಗೆ ಹೊರಟಿತು. ಆಮೇಲೆ ಮೇಡಂ ಕಣ್ಣು ನೋಡಿದಳು. ನಗು ಅಲ್ಲೇ ನಿಂತಿತು.

"ಫೈನಲ್‌ಗೆ ಎರಡು ದಿನ ಇದೆ ಅಂದಾಗ ಅಭ್ಯಾಸಕ್ಕೆ ಚಕ್ಕರ್! ಮಾತಿಲ್ಲ, ಕತೆಯಿಲ್ಲ. ದೊಡ್ಡ ಆಟಗಾರ್ತಿ ಆಗ್ಬಿಟ್ಟೆ ಅಲ್ವಾ? ನಿಂಗೊಂದು ರೂಲು, ಉಳಿದೋರಿಗೊಂದು ರೂಲು?"

ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ನಾನು ಕಾದೆ. ಏಣಿ ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದಲ್ಲಿದ್ದ ಕ್ಯಾಪ್ಟನ್ ಹುಡುಗಿಯ ಕಡೆ ನೋಡಿದಳು. ಮೂರು ದಿನ ಜ್ವರದಲ್ಲಿ ಮಲಗಿ ಆವತ್ತೇ ಎದ್ದು ಬಂದಿದ್ದ ಕ್ಯಾಪ್ಟನ್, ಬೇಡ ಎಂಬಂತೆ ತಲೆಯನ್ನು ಕಂಡೂ ಕಾಣದಷ್ಟು ಆಡಿಸಿದಳು.

"ತಪ್ಪಾಯ್ತು ಮೇಡಂ" ಎಂದಳು ಏಣಿ.

"ನಾಳೆ ಆಡಲ್ಲ ನೀನು. ಶೂ."

ನನಗೆ ಕೂಗಬೇಕು ಎನ್ನಿಸಿತು, ಕೂಗಲಿಲ್ಲ. ಅಂಗಳದಲ್ಲಿ ಮಾತಾಡುವಂತಿಲ್ಲ ಎಂಬ ಕಟ್ಟಳೆ ನನಗೂ ರಕ್ತಕ್ಕಿಳಿದಿತ್ತು. ಮನೆಗೆ ಹೋಗಿ ಕೂತು ಯೋಚಿಸಿದಷ್ಟೂ ನನ್ನ ಕಿವಿಯ ಮೇಲೆಯೇ ಸಂಶಯ ಬರತೊಡಗಿತು. ಬುಧವಾರ ಕೇಳಿದ್ದು ಬೇರೆ ಯಾವುದೋ ದಿನದ್ದಿರಬಹುದೇ? ಅರ್ಧ ದಿನಕ್ಕೆ ಕೇಳಿ ಪೂರ್ತಿ ದಿನ ಹೋಗಿರಬಹುದೇ? ಮೇಡಂ ಮರೆಯುವುದುಂಟೇ? ಬಾಸ್ಕೆಟ್ ಬಿಟ್ಟವನು ನಾನು, ಅವರಲ್ಲ. ಹೆಂಡತಿ ಊಟಕ್ಕೆ ಕರೆದಾಗ "ನನಗೆ ಕಿವಿ ಸರಿ ಕೇಳಿಸುತ್ತಾ?" ಎಂದು ಕೇಳಿದೆ. "ನಾನು ಅಂಗಡಿಗೆ ಹೋಗಿ ಅಂದಾಗ ಬಿಟ್ರೆ ಬೇರೆಲ್ಲ ಕೇಳಿಸುತ್ತೆ" ಎಂದಳು.

ಶನಿವಾರ ಒಳಾಂಗಣ ಕಿಕ್ಕಿರಿದಿತ್ತು. ಬಂದವರೆಲ್ಲ ರೂಢಿಯಂತೆ ಕುರ್ಚಿಯ ಕೆಳಗೆ ನೋಡಿದರು. ಅಲ್ಲಿ ಏಣಿಯ ಉದ್ದನೆಯ ಶೂ. ಗುಸುಗುಸು ಎದ್ದಿತು. ಏಣಿ ಬೆಂಚಿನ ತುದಿಯಲ್ಲಿ ಒಂದು ಕಾಲನ್ನು ಇನ್ನೊಂದರ ಹಿಂದೆ ಅಡಗಿಸಿಕೊಂಡು ಕೂತಿದ್ದಳು. ಮೂರನೇ ಸಾಲಿನಲ್ಲಿ ಆಯ್ಕೆ ಸಮಿತಿಯ ಇಬ್ಬರು, ಒಬ್ಬರು ನರೆಗೂದಲಿನ ಹಿರಿಯರು, ಇನ್ನೊಬ್ಬರು ಹೆಂಗಸು, ತೊಡೆಯ ಮೇಲೆ ಫೈಲು. ನಮ್ಮ ಹುಡುಗಿಯರು ಆಡುತ್ತಿದ್ದ ರೀತಿ ನೋಡಿದರೆ ಯಾರೋ ಅವರ ಕೈ ಕಟ್ಟಿದಂತಿತ್ತು. ಅರ್ಧ ಆಟಕ್ಕೆ ಮೂವತ್ತನಾಲ್ಕು–ಇಪ್ಪತ್ತೊಂದು, ನಾವು ಹಿಂದೆ.

ಅರ್ಧ ವಿರಾಮದಲ್ಲಿ ನನಗೊಂದು ಕೆಲಸವಿತ್ತು. ಆಯ್ಕೆ ಸಮಿತಿಗೆ ಪ್ರತಿ ಆಟಗಾರ್ತಿಯ ವಿವರದ ಪಟ್ಟಿ ಕೊಡಬೇಕು. ಅದರ ಕೊನೆಯ ಕಲಮು: ಶಿಸ್ತು ಕ್ರಮ ಇದೆಯೇ, ಇದ್ದರೆ ಕಾರಣ. ಅಲ್ಲಿ ಇದೆ ಎಂದು ಬಿದ್ದವರ ಹೆಸರನ್ನು ಸಮಿತಿ ಪರಿಗಣಿಸುವುದೇ ಇಲ್ಲ. ಹಿಂದೆ ಎಷ್ಟೋ ಸಲ ನಾನೇ ಇದೆ ಎಂದು ಬರೆದು ಕೊಟ್ಟಿದ್ದೆ. ಅಂದು ಒಂಬತ್ತನೇ ನಂಬರಿನ ಮುಂದೆ ಪೆನ್ನು ನಿಂತಿತು. ಇಲ್ಲಿ "ಅನುಮತಿಯಿಲ್ಲದೆ ಗೈರು" ಎಂದು ಬರೆದರೆ ಅದು ಆಗದ್ದು. ಆ ಒಂದು ಸಾಲು ಆ ಹುಡುಗಿಯನ್ನು ಹೊಲಿಗೆ ಯಂತ್ರದ ಮುಂದೆ ಕೂರಿಸುತ್ತದೆ. ಪಟ್ಟಿ ಎತ್ತಿಕೊಂಡು ಸಾಮಾನಿನ ಕೋಣೆಗೆ ನಡೆದೆ. ತಂಡ ಅಲ್ಲೇ ಸೇರಿತ್ತು. ಏಣಿ ಬಾಗಿಲ ಹತ್ತಿರ ಒಂಟಿ ಶೂನಲ್ಲಿ ನಿಂತಿದ್ದಳು.

"ಮೇಡಂ," ಎಂದೆ. "ಬುಧವಾರ ಏಣಿ ನಿಮ್ಮನ್ನ ಕೇಳಿದ್ಲು. ನೀವು ಹೋಗು ಅಂದ್ರಿ. ನಾನು ಇಲ್ಲೇ, ಈ ಕಪಾಟಿನ ಹಿಂದೆ ಇದ್ದೆ."

ನೀರಿನ ಬಾಟಲಿ ಹಿಡಿದಿದ್ದ ಕೈಗಳೆಲ್ಲ ಹಾಗೇ ನಿಂತವು. ಮೇಡಂ ಬೈಯುತ್ತಾರೆ ಎಂದು ಹಲ್ಲು ಕಚ್ಚಿ ನಿಂತಿದ್ದೆ. ಬೈಯಲಿಲ್ಲ.

"ಯಾವ ಬುಧವಾರ?"

"ಈ ವಾರದ್ದೇ."

ಮೇಡಂ ಏಣಿಯ ಕಡೆ ತಿರುಗಿದರು. "ಕೇಳಿದ್ಯೇನೇ?"

ಅಂತೂ ಮುಗಿಯಿತು, ಈಗ ಅವಳೇ ಹೇಳುತ್ತಾಳೆ.

"ಇಲ್ಲ ಮೇಡಂ," ಎಂದಳು ಏಣಿ. "ನಾನು ಕೇಳ್ಲಿಲ್ಲ. ಹೇಳದೇ ಹೋದೆ."

ನಾನು ಕಕ್ಕಾಬಿಕ್ಕಿಯಾದೆ. ಅವಳು ನನ್ನ ಮುಖ ನೋಡುತ್ತಿರಲಿಲ್ಲ. ತಕ್ಷಣ ಕ್ಯಾಪ್ಟನ್ ಮುಂದೆ ಬಂದು, "ಸರ್‌ಗೆ ತಪ್ಪು ಕೇಳಿಸಿರ್ಬೇಕು ಮೇಡಂ. ಕಪಾಟಿನ ಹಿಂದೆ ಏನು ಕೇಳಿಸುತ್ತೆ?" ಎಂದಳು. ಗುಬ್ಬಿ ಹೂಂಗುಟ್ಟಿದಳು. ಚಟಪಟ "ಹೌದು ಮೇಡಂ, ಅವಳು ಯಾರನ್ನೂ ಕೇಳ್ಲಿಲ್ಲ" ಎಂದಳು. ಹನ್ನೆರಡು ಹುಡುಗಿಯರು ಒಟ್ಟಾಗಿ ನನ್ನನ್ನು ಸುಳ್ಳುಗಾರನನ್ನಾಗಿ ಮಾಡಿ ನಿಲ್ಲಿಸಿದರು. ತನ್ನ ಬದುಕನ್ನೇ ಕೈಯಾರೆ ಬಿಸಾಡುತ್ತಿದ್ದ ಹುಡುಗಿ ನನ್ನ ಎದುರಿಗೆ ನಿಂತಿದ್ದಳು, ಅದೂ ನಾನು ಅವಳ ಪರವಾಗಿ ಬಾಯಿ ಬಿಟ್ಟ ಮೇಲೆ. ನನಗೆ ಸಿಟ್ಟು ನೆತ್ತಿಗೇರಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ನನಗೇನಾದರೂ ತಲೆ ಕೆಟ್ಟಿದೆಯೇ ಎಂದು ನಿಜವಾಗಿಯೂ ಅನ್ನಿಸಿತು.

"ಮೇಷ್ಟ್ರೇ," ಎಂದರು ಮೇಡಂ ತಣ್ಣಗೆ, "ಮಕ್ಕಳ ಮೇಲೆ ಪ್ರೀತಿ ಇರ್ಬೇಕು. ಆದ್ರೆ ಅದಕ್ಕೆ ಸುಳ್ಳು ಹೇಳ್ಬಾರ್ದು. ಪಟ್ಟಿ ಕೊಡಿ, ಸಹಿ ಹಾಕ್ತೀನಿ."

ಕೊಟ್ಟೆ. ಇನ್ನೇನು ಮಾಡಲಿ? ಮೇಡಂ ಪಟ್ಟಿಯನ್ನು ಕಪಾಟಿಗೆ ಒತ್ತಿ ಪೆನ್ನು ಬಿಚ್ಚಿದರು. ಸಹಿ ಹಾಕಲು ಹೋದವರ ಕಣ್ಣು ಏಣಿಯ ಕಾಲುಚೀಲದ ಮೇಲೆ ಬಿತ್ತು. ಹೆಬ್ಬೆರಳ ಹತ್ತಿರ ಸಣ್ಣದಾಗಿ ಹರಿದಿತ್ತು. ಏನೋ ಯೋಚಿಸುತ್ತ, ದಿನಾ ಮಾತಾಡಿಸುವ ಹಾಗೆ ಕೇಳಿದರು:

"ಅಕ್ಕ ಹೇಗಿದ್ದಾಳೇ? ಏನು ಮಗು?"

"ಚೆನ್ನಾಗಿದ್ದಾಳೆ ಮೇಡಂ. ಹೆಣ್ಣುಮಗು" ಎಂದುಬಿಟ್ಟಳು ಏಣಿ.

ಹೇಳಿದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು.

ನಾನು ಅಕ್ಕನ ಸುದ್ದಿ ಎತ್ತಿರಲಿಲ್ಲ. ಯಾರೂ ಎತ್ತಿರಲಿಲ್ಲ. ಬುಧವಾರ ಸಂಜೆ ಇದೇ ಕೋಣೆಯಲ್ಲಿ ಏಣಿ ಹೇಳಿದ್ದು ಬಿಟ್ಟರೆ ಹೆರಿಗೆಯ ಸುದ್ದಿ ಮೇಡಂಗೆ ತಿಳಿಯಲು ಬೇರೆ ದಾರಿಯೇ ಇರಲಿಲ್ಲ. ಕೋಣೆಯಲ್ಲಿದ್ದ ಎಲ್ಲರಿಗೂ ಅದು ಒಂದೇ ಗಳಿಗೆಗೆ ಹೊಳೆಯಿತು. ಮೇಡಂಗೆ ಹೊಳೆದದ್ದು ಸ್ವಲ್ಪ ತಡವಾಗಿ, ಮತ್ತು ನಾನು ಅದನ್ನು ನೋಡುತ್ತಿದ್ದೆ. ಮೊದಲು ಹುಬ್ಬು ಗಂಟಿಕ್ಕಿತು. ಆಮೇಲೆ ಪೆನ್ನು ಹಿಡಿದ ಕೈ ಕೆಳಗಿಳಿಯಿತು. ಆಮೇಲೆ ಆ ಗಟ್ಟಿಗಿತ್ತಿ ಹೆಂಗಸು ಚೆಂಡಿನ ಬುಟ್ಟಿಯ ಅಂಚನ್ನು ತಡವಿ ಹಿಡಿದುಕೊಂಡು ಕೂತರು.

"ಹಾಗಾದ್ರೆ ಕೇಳಿದ್ದೀಯ" ಎಂದರು.

ಹೊರಗೆ ಜನ ಚಪ್ಪಾಳೆ ತಟ್ಟುತ್ತಿದ್ದರು.

"ಮೇಷ್ಟ್ರೇ, ಅವತ್ತು ಇನ್ನೇನಾದ್ರೂ ಅಂದ್ನಾ ನಾನು?"

"ಅಕ್ಕನ ಕೈ ಗಟ್ಟಿಯಾಗಿ ಹಿಡ್ಕೊ ಅಂದ್ರಿ."

ಮೇಡಂ ತಲೆಯಾಡಿಸಿದರು. ಎದ್ದು ಹೊರಗೆ ಹೋಗಿ, ಅಷ್ಟು ಜನರ ಕಣ್ಣೆದುರು ತಮ್ಮ ಕುರ್ಚಿಯ ಕೆಳಗೆ ಬಗ್ಗಿ ಶೂ ತೆಗೆದುಕೊಂಡು ಬಂದರು. ಏಣಿಯ ಮುಂದೆ ಇಟ್ಟರು. "ಹಾಕ್ಕೋ" ಎಂದರು. ಆಮೇಲೆ ಪಟ್ಟಿಯನ್ನು ನನ್ನ ಕೈಗೆ ವಾಪಸು ಕೊಟ್ಟರು.

"ಬರೀರಿ. ಒಂಬತ್ತನೇ ನಂಬರಿಗೆ ಕೊಟ್ಟ ಶಿಕ್ಷೆ ರದ್ದು. ಕಾರಣ, ಅನುಮತಿ ಕೊಟ್ಟಿದ್ದನ್ನ ಕೋಚ್ ಮರೆತರು."

"ಬೇಡ ಸರ್!" ಕ್ಯಾಪ್ಟನ್ ನನ್ನ ಮಣಿಕಟ್ಟು ಹಿಡಿದೇಬಿಟ್ಟಳು. ಅವಳ ಕೈ ಇನ್ನೂ ಜ್ವರದ ಬಿಸಿಯಲ್ಲಿತ್ತು. "ರದ್ದು ಅಂತ ಅಷ್ಟೇ ಬರೀರಿ. ಮರೆತರು ಅಂತ ಬೇಡ. ಅದು ಮೇಲಕ್ಕೆ ಹೋಗುತ್ತೆ."

ಏಣಿ ಶೂ ಕೈಯಲ್ಲಿ ಹಿಡಿದು, "ನಾನು ಆಡಲ್ಲ ಮೇಡಂ, ನಂಗೆ ಬೇಡ" ಎನ್ನುತ್ತಿದ್ದಳು.

ಕಾರಣವಿಲ್ಲದ ರದ್ದನ್ನು ಸಮಿತಿ ಒಪ್ಪುವುದಿಲ್ಲ ಎಂದು ಮೇಡಂಗೂ ಗೊತ್ತಿತ್ತು, ನನಗೂ ಗೊತ್ತಿತ್ತು. "ನೀವು ಆಗಿದ್ದನ್ನ ಬರೆಯೋರು ತಾನೇ?" ಎಂದರು. ನಾನು ಬರೆದೆ. ಇಪ್ಪತ್ತೆರಡು ವರ್ಷದಲ್ಲಿ ಆ ಒಂದು ಪದ ಬರೆಯಲು ಹಿಡಿದಷ್ಟು ಹೊತ್ತು ನನಗೆ ಇನ್ಯಾವುದಕ್ಕೂ ಹಿಡಿದಿಲ್ಲ. ಅವರು ಸಹಿ ಹಾಕಿದರು.

ಏಣಿ ಆಡಿದಳು. ಅಳುತ್ತಲೇ ಆಡಿದಳು, ಮೂಗನ್ನು ಭುಜಕ್ಕೆ ಒರೆಸಿಕೊಳ್ಳುತ್ತ ಹತ್ತೊಂಬತ್ತು ಅಂಕ ಹಾಕಿದಳು. ಎರಡು ಅಂಕದಲ್ಲಿ ಸೋತೆವು. ಪಂದ್ಯ ಮುಗಿದ ಮೇಲೆ ಆಯ್ಕೆ ಸಮಿತಿಯ ಹಿರಿಯರು ಮೇಜಿನ ಹತ್ತಿರ ಬಂದರು. "ಒಂಬತ್ತನೇ ನಂಬರು ನಮ್ಮ ಪಟ್ಟಿಯಲ್ಲಿದ್ದಾಳೆ, ಅದರ ಚಿಂತೆ ಬಿಡಿ" ಎಂದರು. ಆಮೇಲೆ ದನಿ ತಗ್ಗಿಸಿ, "ಈ ಕಾರಣದ ಕಾಗದವನ್ನ ಮಾತ್ರ ನಾನು ಮುಚ್ಚಿಡೋ ಹಾಗಿಲ್ಲ ಮೇಷ್ಟ್ರೇ. ಯಾರಾದ್ರೂ ಅವರನ್ನ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿದ್ದೀರಾ?" ಎಂದು ಕೇಳಿದರು. ಇಲ್ಲ ಎನ್ನಲು ನಾಚಿಕೆಯಾಗಿ ಹಾಳೆಗಳನ್ನು ಜೋಡಿಸತೊಡಗಿದೆ.

ಉಡುಪು ಬದಲಿಸುವ ಕೋಣೆಯ ಹೊರಗಿನ ಓಣಿಯಲ್ಲಿ ಕ್ಯಾಪ್ಟನ್ ನನಗಾಗಿ ಕಾದಿದ್ದಳು. ಇಪ್ಪತ್ತೊಂದು ವರ್ಷದ ಹುಡುಗಿ ನನ್ನ ದಾರಿಗೆ ಅಡ್ಡ ನಿಂತಳು.

"ಯಾಕೆ ಹೇಳಿದ್ರಿ ಸರ್?"

"ಯಾಕೆ ಅಂದ್ರೆ? ಅವಳ ಗತಿ ಏನಾಗ್ತಿತ್ತು?"

"ಅವಳೇ ಒಪ್ಕೊಂಡಿದ್ಲು ಸರ್. ನಾನೂ ಅವಳನ್ನ ತಡೀಲಿಲ್ಲ, ಅದು ನನ್ನ ತಪ್ಪು. ನಿಮಗೆ ಗೊತ್ತಿಲ್ಲ, ನಮಗೆ ಒಂದು ವರ್ಷದಿಂದ ಗೊತ್ತು."

ಅವಳು ಒಂದೊಂದಾಗಿ ಹೇಳುತ್ತ ಹೋದಳು. ಮೇಡಂ ಹೇಳಿದ ಮಾತನ್ನು ಮರೆಯುತ್ತಾರೆ ಎಂದು ಮೊದಲು ಗೊತ್ತಾದದ್ದು ಅದರ ಹಿಂದಿನ ವರ್ಷದ ಕ್ರೀಡಾಕೂಟದಲ್ಲಿ. ಅಂದಿನಿಂದ ಹುಡುಗಿಯರು ತಮ್ಮೊಳಗೇ ಒಂದು ಏರ್ಪಾಡು ಮಾಡಿಕೊಂಡರು. ಯಾರು ರಜೆ ಕೇಳಲು ಹೋದರೂ ಜೊತೆಗೆ ಕ್ಯಾಪ್ಟನ್ ಹೋಗುತ್ತಾಳೆ. ಮರುದಿನ ಅಭ್ಯಾಸ ಶುರುವಾಗುವ ಮೊದಲು ಅವಳೇ, ಏನೋ ಹರಟೆಯೆಂಬಂತೆ, "ಮೇಡಂ, ನೀವು ನಿನ್ನೆ ಗುಬ್ಬಿಗೆ ರಜ ಕೊಟ್ರಲ್ಲ, ಅವಳ ಜಾಗದಲ್ಲಿ ಯಾರನ್ನ ಹಾಕೋಣ?" ಎಂದು ನೆನಪಿಸುತ್ತಾಳೆ. ಅಭ್ಯಾಸದ ಹೊತ್ತು ಬದಲಾದರೆ ಬೀಗದ ಅಂಗಡಿಗೆ ಫೋನು ಹೋಗುತ್ತದೆ. ಯಜಮಾನರು ಸ್ಕೂಟರಿನಲ್ಲಿ ಸರಿಯಾದ ಹೊತ್ತಿಗೆ ತಂದು ಬಿಡುತ್ತಾರೆ. ಅವರಿಗೂ ಗೊತ್ತು. ಅವರು ಡಾಕ್ಟರ ಮಾತೆತ್ತಿದರೆ ಮೇಡಂ ಮನೆ ರಂಪ ಮಾಡುತ್ತಾರೆ. ಕ್ಯಾಪ್ಟನ್ ಜ್ವರದಲ್ಲಿ ಮಲಗಿದ ಮೂರೇ ದಿನ ಈ ಏರ್ಪಾಡು ನಿಂತಿತ್ತು. ಆ ಮೂರು ದಿನದಲ್ಲೇ ಏಣಿಯ ಬುಧವಾರ ಬಂತು.

"ಅವರಿಗೆ ಗೊತ್ತಾಗ್ಬಾರ್ದು ಅಂತ ನಾವು ಹನ್ನೆರಡು ಜನ ಮಾತಾಡ್ಕೊಂಡಿದ್ವಿ ಸರ್. ಒಂದು ವರ್ಷ ಒಬ್ಬಳೂ ಬಾಯಿ ಬಿಟ್ಟಿಲ್ಲ."

"ನನಗಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದೆ. ನನ್ನ ದನಿ ಗೋಗರೆದಂತೆ ನನಗೇ ಕೇಳಿಸಿತು.

"ನೀವು ಎಲ್ಲಾನೂ ಬರೆದಿಡ್ತೀರಲ್ಲ ಸರ್" ಎಂದಳು. ವ್ಯಂಗ್ಯವಿರಲಿಲ್ಲ. ಅದು ನನ್ನ ಸ್ವಭಾವ, ಅದಕ್ಕೆ ಹೇಳಲಿಲ್ಲ, ಅಷ್ಟೇ.

ಆ ವರ್ಷ ಮೇಡಂ ಎಷ್ಟೋ ಸಲ ನನ್ನ ಹತ್ತಿರ ಬಂದು "ಈಗ ಎಷ್ಟು?" ಎಂದು ಕೇಳಿ, ಎರಡು ನಿಮಿಷ ಬಿಟ್ಟು ಮತ್ತೆ "ಎಷ್ಟು?" ಎಂದು ಕೇಳುತ್ತಿದ್ದರು. ನನ್ನನ್ನು ಪರೀಕ್ಷಿಸುತ್ತಿದ್ದಾರೆ ಎಂದುಕೊಂಡು ನಾನು ಬೀಗುತ್ತ ಉತ್ತರ ಕೊಡುತ್ತಿದ್ದೆ. ಇಪ್ಪತ್ತೆರಡು ವರ್ಷ ಎರಡು ಕುರ್ಚಿ ಆಚೆ ಕೂತಿದ್ದ ಹೆಂಗಸು. ಪಾಠದ ನಡುವೆ ಅಭ್ಯಾಸಕ್ಕೆ ಬರುವ ಹುಡುಗಿಯರು ಕಂಡುಹಿಡಿದದ್ದು ನನಗೆ ಕಾಣಲಿಲ್ಲ. ಎಂಥ ದಡ್ಡ ನಾನು!

ಹೊರಡುವ ಮುನ್ನ ಕ್ಯಾಪ್ಟನ್ ಹತ್ತಿರ ಇನ್ನೊಂದು ಮಾತು ಕೇಳಿದೆ. ಏರ್ಪಾಡು ಮಾಡಿಕೊಳ್ಳುವ ಮೊದಲು, ಆಮೇಲೂ ಕೈತಪ್ಪಿ, ಹೀಗೆ ತಪ್ಪಿಲ್ಲದೆ ಶೂ ಬಿಚ್ಚಿದವರು ಎಷ್ಟು ಜನ? ಅವಳು ಹೇಳಿದಳು. ಕೇಳಬಾರದಿತ್ತು.

ಮೇಡಂ ಒಳಾಂಗಣದ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದರು. ಯಜಮಾನರ ಸ್ಕೂಟರಿಗಾಗಿ ಕಾಯುತ್ತಿದ್ದರು. ಸಂಜೆಯ ಬಿಸಿಲು ಇನ್ನೂ ಮುಖಕ್ಕೆ ಹೊಡೆಯುತ್ತಿತ್ತು. ನಾನು ಪಕ್ಕದಲ್ಲಿ ಕೂತೆ.

"ಏಣಿ ಆಯ್ಕೆ ಆದ್ಲಲ್ಲ, ಸಾಕು" ಎಂದರು. "ಡಾಕ್ಟರ್ ಹತ್ತಿರ ಸೋಮವಾರ ಹೋಗ್ತೀನಿ. ಇವರು ಹೇಳ್ತಾನೇ ಇದ್ದರು, ನಾನೇ ಹಾರಾಡ್ತಿದ್ದೆ." ಆಮೇಲೆ ಕೈಬೆರಳುಗಳನ್ನು ನೋಡಿಕೊಳ್ಳುತ್ತ ಕೇಳಿದರು:

"ಮಕ್ಕಳಿಗೆ ಮೊದಲೇ ಗೊತ್ತಿತ್ತಾ?"

"ಹೂಂ."

"ಎಷ್ಟು ದಿನದಿಂದ?"

"ಒಂದು ವರ್ಷ ಅಂತಾರೆ."

ನಾನು ಅವರ ಮುಖ ನೋಡಲಾರದೆ ರಸ್ತೆ ನೋಡಿದೆ.

"ಹಾಗಾದ್ರೆ ಮೇಷ್ಟ್ರೇ... ಈಚೆಗೆ ನಾನು ಕೂರಿಸಿದೋರಲ್ಲಿ ತಪ್ಪೇ ಮಾಡದೆ ಇರೋರು ಎಷ್ಟು ಜನ?"

ಆ ಪ್ರಶ್ನೆ ಬರುತ್ತದೆ ಎಂದು ಗೊತ್ತಿದ್ದೇ ಮೆಟ್ಟಿಲಿಗೆ ಬಂದಿದ್ದೆ. ಏಣಿ ಒಬ್ಬಳೇ ಎಂದುಬಿಡೋಣ ಎಂದು ಓಣಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೂ ಬಂದಿದ್ದೆ. ಆದರೆ ಅವರು ನನ್ನ ಕಣ್ಣನ್ನೇ ನೋಡುತ್ತಿದ್ದರು.

"ನಾಲ್ಕು" ಎಂದೆ.

ಮೇಡಂ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅತ್ತರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಕೈ ತೆಗೆದಾಗ ಮುಖ ಒಣಗಿತ್ತು.

"ಯಾರ್ಯಾರು? ಹೇಳಿ. ಒಬ್ಬೊಬ್ಬರ ಹತ್ರಾನೂ ಹೋಗಿ ಮಾತಾಡ್ಬೇಕು."

"ಗುಬ್ಬಿ," ಎಂದೆ. ಅವರು ಕಿರುಬೆರಳು ಮಡಿಸಿದರು. "ರೋಡ್ ರೋಲರ್. ಚಟಪಟ. ಏಣಿ."

"ರೋಡ್ ರೋಲರ್," ಎಂದು ಅವರೂ ಮೆಲ್ಲಗೆ ಹೇಳಿಕೊಂಡರು. "ಚಟಪಟ. ಏಣಿ." ಮಡಿಸಿದ್ದ ಕಿರುಬೆರಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ತುಟಿ ಅಲ್ಲಾಡಿಸುತ್ತ ಸ್ವಲ್ಪ ಹೊತ್ತು ಕೂತರು. ಆಮೇಲೆ ನನ್ನ ಕಡೆ ತಿರುಗಿದರು.

"ಮೊದಲನೇದು ಯಾರಂದ್ರಿ ಮೇಷ್ಟ್ರೇ?"

ನಾನು ಮತ್ತೆ ಮೊದಲಿನಿಂದ ಹೇಳಿದೆ.